ಬೇಡಿಕೆಯ ನಂತರ ಮುದ್ರಣ: ಆನ್‌ಲೈನ್ ಮಾರುಕಟ್ಟೆಯನ್ನು ಆರಿಸುವ ಮುನ್ನ ಹಾಕಬೇಕಾದ ಲೆಕ್ಕ

ಟೀ ಶರ್ಟ್, ಕಾಫಿ ಮಗ್, ಬಟ್ಟೆಯ ಚೀಲ, ಗೋಡೆಚಿತ್ರ, ಮೊಬೈಲ್ ಕವಚ ಮುಂತಾದ ವಸ್ತುಗಳ ಮೇಲೆ ಗ್ರಾಹಕನ ಆರ್ಡರ್ ಬಂದ ನಂತರವೇ ಚಿತ್ರ ಅಥವಾ ಬರಹವನ್ನು ಮುದ್ರಿಸಿ ಕಳುಹಿಸುವ ವ್ಯವಹಾರಕ್ಕೆ ಪ್ರಿಂಟ್-ಆನ್-ಡಿಮಾಂಡ್ ಎಂಬ ಹೆಸರು ರೂಢಿಯಲ್ಲಿದೆ. ನಮ್ಮ ರಾಜ್ಯದ ಸ್ಕ್ರೀನ್ ಪ್ರಿಂಟಿಂಗ್ ಘಟಕಗಳು, ಸಿದ್ಧ ಉಡುಪು ತಯಾರಕರು ಹಾಗೂ ಉಡುಗೊರೆ ವಸ್ತುಗಳ ವರ್ತಕರಲ್ಲಿ ಅನೇಕರು ಇದರತ್ತ ಆಸಕ್ತಿ ತೋರುತ್ತಿದ್ದಾರೆ. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಪ್ರತಿ ಬಣ್ಣಕ್ಕೂ ಒಂದೊಂದು ಚೌಕಟ್ಟು ಸಿದ್ಧಪಡಿಸಬೇಕಾದುದರಿಂದ ಹತ್ತಾರು ನಗಗಳ ಆರ್ಡರ್ ಇಲ್ಲದೆ ಕೆಲಸ ಗಿಟ್ಟುತ್ತಿರಲಿಲ್ಲ. ಬಟ್ಟೆಯ ಮೇಲೆ ನೇರವಾಗಿ ಶಾಯಿ ಸಿಂಪಡಿಸುವ ಡಿಟಿಜಿ ಮತ್ತು ಫಿಲ್ಮ್‌ನಿಂದ ಬಟ್ಟೆಗೆ ಇಳಿಸುವ ಡಿಟಿಎಫ್ ಯಂತ್ರಗಳು ಒಂದೇ ನಗವನ್ನೂ ಮುದ್ರಿಸಿ ಕೊಡಬಲ್ಲವು. ಆದ್ದರಿಂದ ದಾಸ್ತಾನು ಇಡಬೇಕಾಗಿಲ್ಲ, ಮಾರಾಟವಾಗದೆ ಉಳಿಯುವ ಸರಕಿನ ಭಯವೂ ಇಲ್ಲ ಎಂಬುದು ಈ ವ್ಯವಹಾರದ ಪರವಾಗಿ ಹೇಳಲಾಗುವ ಮುಖ್ಯ ಮಾತು.

ಈ ಮಾತು ಅರ್ಧ ಸತ್ಯ ಮಾತ್ರ. ಮಾರಾಟಕ್ಕೆ ಮುಂಚೆ ಇದ್ದ ದಾಸ್ತಾನಿನ ಅಪಾಯವು ಇಲ್ಲಿ ಮಾರಾಟದ ನಂತರಕ್ಕೆ ವರ್ಗವಾಗಿದೆಯೇ ಹೊರತು ಮಾಯವಾಗಿಲ್ಲ. ಒಬ್ಬರ ಹೆಸರು ಮುದ್ರಿಸಿದ ಶರ್ಟು ವಾಪಸು ಬಂದರೆ ಅದನ್ನು ಇನ್ನೊಬ್ಬರಿಗೆ ಮಾರುವಂತಿಲ್ಲ. ಆದುದರಿಂದ ಮಾರಾಟ ತಾಣವನ್ನು ಆರಿಸುವಾಗ ಅದು ವಿಧಿಸುವ ಕಮಿಷನ್ ದರವೊಂದನ್ನೇ ನೋಡುವುದು ಸಾಲದು. ವಾಪಸು ಬರುವ ಸರಕಿನ ನಷ್ಟವನ್ನು ಯಾರು ಹೊರುತ್ತಾರೆ ಮತ್ತು ಅದನ್ನು ಕಳೆದ ಮೇಲೆ ಕೈಯಲ್ಲಿ ಉಳಿಯುವುದೆಷ್ಟು ಎಂಬುದೇ ನಿರ್ಣಾಯಕ ಪ್ರಶ್ನೆ.

1. ಮಾರಾಟ ತಾಣಗಳ ಮೂರು ಬಗೆ

ಮೊದಲನೆಯದು ಸಾರ್ವಜನಿಕ ಮಾರುಕಟ್ಟೆ ತಾಣ. 2007ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಫ್ಲಿಪ್‌ಕಾರ್ಟ್, 2013ರಲ್ಲಿ ಭಾರತದಲ್ಲಿ ಮಾರಾಟ ತಾಣ ತೆರೆದ ಅಮೆಜಾನ್, 2015ರಲ್ಲಿ ಬೆಂಗಳೂರಿನಲ್ಲೇ ಸ್ಥಾಪನೆಯಾದ ಮೀಶೊ ಈ ವರ್ಗದವು. ಇಲ್ಲಿ ಗ್ರಾಹಕರನ್ನು ಕರೆತರುವುದು ತಾಣ. ಆದರೆ ಬಿಲ್ಲಿನಲ್ಲಿ ಮಾರಾಟಗಾರರು ನೀವು. ವಿದೇಶಿ ಬಂಡವಾಳವಿರುವ ತಾಣವು ದೇಶದೊಳಗಿನ ಮಾರಾಟದಲ್ಲಿ ತಾನೇ ಸರಕಿನ ಒಡೆತನ ಹೊಂದಬಾರದೆಂಬ ನಿಯಮವನ್ನು 2019ರ ಫೆಬ್ರವರಿ 1ರಿಂದ ಇನ್ನಷ್ಟು ಬಿಗಿಗೊಳಿಸಲಾಯಿತು. ಹೀಗಾಗಿ ಸರಕಿನ ಗುಣಮಟ್ಟ, ತೆರಿಗೆ ಹಾಗೂ ವಾಪಸಾತಿಯ ಹೊಣೆ ಮೂಲತಃ ಮಾರಾಟಗಾರನದು.

ಎರಡನೆಯದು ಸ್ವಂತ ಅಂತರ್ಜಾಲ ಮಳಿಗೆ. ಮಳಿಗೆಯ ತಂತ್ರಾಂಶಕ್ಕೆ ಮಾಸಿಕ ಬಾಡಿಗೆ ಕಟ್ಟಿ, ಮುದ್ರಣವನ್ನು ಸ್ವಂತ ಯಂತ್ರದಲ್ಲಿ ಅಥವಾ ತಿರುಪ್ಪೂರಿನಂತಹ ಹೆಣಿಗೆ ಉಡುಪಿನ ಕೇಂದ್ರದ ಮುದ್ರಕರಿಂದ ಮಾಡಿಸಬಹುದು. ಬೆಲೆ, ವಾಪಸಾತಿಯ ಷರತ್ತು, ಗ್ರಾಹಕರ ವಿಳಾಸ ಎಲ್ಲವೂ ನಿಮ್ಮ ಕೈಯಲ್ಲಿರುತ್ತವೆ. ಆದರೆ ಗ್ರಾಹಕರನ್ನು ಕರೆತರುವ ಜಾಹೀರಾತಿನ ವೆಚ್ಚವೂ ನಿಮ್ಮದೇ.

ಮೂರನೆಯದು ರಾಯಧನದ ತಾಣ. 2006ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಆರಂಭವಾದ ರೆಡ್‌ಬಬಲ್ ಇದಕ್ಕೆ ಉದಾಹರಣೆ. ವಿನ್ಯಾಸವನ್ನು ಮಾತ್ರ ನೀವು ಒದಗಿಸುತ್ತೀರಿ. ಮುದ್ರಣ, ಸಾಗಣೆ, ವಸೂಲಿಯ ವ್ಯವಸ್ಥೆಯನ್ನು ತಾಣವೇ ನೋಡಿಕೊಂಡು ಪ್ರತಿ ಮಾರಾಟದಲ್ಲಿ ನಿಮಗೆ ಸಣ್ಣ ಪಾಲು ಕೊಡುತ್ತದೆ. ಅಪಾಯ ಕಡಿಮೆ, ಪಾಲೂ ಕಡಿಮೆ. ಸ್ವಂತ ಯಂತ್ರವಿರುವ ತಯಾರಕನಿಗೆ ಇದರಿಂದ ಯಂತ್ರಕ್ಕೆ ಕೆಲಸ ಸಿಗುವುದಿಲ್ಲವೆಂಬುದನ್ನು ಮರೆಯಬಾರದು.

2. ನೂರು ಆರ್ಡರ್‌ಗಳ ಲೆಕ್ಕ

ಒಂದು ಕಾಲ್ಪನಿಕ ಲೆಕ್ಕವನ್ನು ನೋಡೋಣ. ಅಂಕಿಗಳು ವಿವರಣೆಗಾಗಿ ಮಾತ್ರ. ಓದುಗರು ತಮ್ಮ ತಮ್ಮ ಅಂಕಿಗಳನ್ನು ಹಾಕಿಕೊಳ್ಳಬೇಕು. ಮುದ್ರಿತ ಟೀ ಶರ್ಟಿನ ತಯಾರಿಕೆ ಮತ್ತು ಪ್ಯಾಕಿಂಗ್ ವೆಚ್ಚ ತೆರಿಗೆ ಹೊರತುಪಡಿಸಿ ರೂ. 280 ಎಂದೂ, ವಾಪಸು ಬಂದ ಶರ್ಟು ಮರುಮಾರಾಟಕ್ಕೆ ಬಾರದೆಂದೂ, ವಾಪಸಾತಿಯ ಸಾಗಣೆ ವೆಚ್ಚ ರೂ. 80 ಎಂದೂ ಭಾವಿಸೋಣ.

ತಾಣ ‘ಅ’: ಕಮಿಷನ್ ವಿಧಿಸುವ ದೊಡ್ಡ ಮಾರುಕಟ್ಟೆ. ಮಾರಾಟ ಬೆಲೆ ರೂ. 599, ಅದರಲ್ಲಿ ಶೇ. 5 ಜಿಎಸ್‌ಟಿ ಕಳೆದರೆ ಸುಮಾರು ರೂ. 570. ಎಲ್ಲ ಶುಲ್ಕ ಸೇರಿ ರೂ. 108, ಸಾಗಣೆ ರೂ. 70. ಕಾಗದದ ಮೇಲೆ ಒಂದು ಶರ್ಟಿಗೆ ಲಾಭ ರೂ. 112, ನೂರಕ್ಕೆ ರೂ. 11,200. ಈಗ ನೂರರಲ್ಲಿ 12 ವಾಪಸು ಬಂದವೆಂದೂ, ಅವುಗಳ ಶುಲ್ಕವನ್ನು ತಾಣ ಹಿಂದಿರುಗಿಸಿತೆಂದೂ ಇಟ್ಟುಕೊಳ್ಳಿ.
ಆದಾಯ, 88 ಶರ್ಟುಗಳಿಗೆ: ರೂ. 50,160
ತಯಾರಿಕೆ, 100 ಶರ್ಟುಗಳಿಗೆ: ರೂ. 28,000
ಶುಲ್ಕ, 88 ಶರ್ಟುಗಳಿಗೆ: ರೂ. 9,504
ಹೋಗುವ ಸಾಗಣೆ, 100ಕ್ಕೆ: ರೂ. 7,000
ಬರುವ ಸಾಗಣೆ, 12ಕ್ಕೆ: ರೂ. 960
ಉಳಿಕೆ: ರೂ. 4,696
ನೂರಕ್ಕೆ ಹನ್ನೆರಡು ವಾಪಸಾತಿಯು ಲಾಭದ ಅರ್ಧಕ್ಕಿಂತ ಹೆಚ್ಚನ್ನು ನುಂಗಿತು.

ತಾಣ ‘ಆ’: ಕಮಿಷನ್ ಇಲ್ಲದ, ಅಗ್ಗದ ಬೆಲೆಯ ಗ್ರಾಹಕರ ತಾಣ. ಸಾಗಣೆಯನ್ನು ಗ್ರಾಹಕನೇ ಭರಿಸುತ್ತಾನೆ. ಆದರೆ ಪೈಪೋಟಿಯಿಂದ ಬೆಲೆ ರೂ. 399ಕ್ಕೆ ಇಳಿಯುತ್ತದೆ, ತೆರಿಗೆ ಕಳೆದು ರೂ. 380. ಕಾಗದದ ಮೇಲೆ ಲಾಭ ರೂ. 100. ಹಣವನ್ನು ಮನೆ ಬಾಗಿಲಲ್ಲಿ ಪಡೆಯುವ ಆರ್ಡರ್‌ಗಳು ಹೆಚ್ಚಿದ್ದು, ನೂರರಲ್ಲಿ 20 ವಾಪಸಾದರೆ ಆದಾಯ ರೂ. 30,400, ತಯಾರಿಕೆ ರೂ. 28,000, ಬರುವ ಸಾಗಣೆ ರೂ. 1,600. ಉಳಿಕೆ ರೂ. 800 ಮಾತ್ರ.

ತಾಣ ‘ಇ’: ಮುಂಗಡ ಪಾವತಿಯ ಸ್ವಂತ ಮಳಿಗೆ. ಬೆಲೆ ರೂ. 599, ತೆರಿಗೆ ಕಳೆದು ರೂ. 570. ಪ್ರತಿ ಆರ್ಡರ್‌ಗೆ ಪಾವತಿ ಗೇಟ್‌ವೇ ಶುಲ್ಕ ರೂ. 12, ಸಾಗಣೆ ರೂ. 70, ಜಾಹೀರಾತು ರೂ. 120. ನೂರರಲ್ಲಿ 4 ವಾಪಸು. ಆದಾಯ ರೂ. 54,720, ಒಟ್ಟು ವೆಚ್ಚ ರೂ. 48,520; ಉಳಿಕೆ ರೂ. 6,200. ಇದರಲ್ಲಿ ತಂತ್ರಾಂಶದ ಮಾಸಿಕ ಬಾಡಿಗೆ ರೂ. 2,000 ಕಳೆದರೆ ರೂ. 4,200.

ತಿಂಗಳಿಗೆ ನೂರು ಆರ್ಡರ್ ಇರುವಾಗ ‘ಅ’ ತಾಣವೇ ಮೇಲು. ಆರ್ಡರ್‌ಗಳ ಸಂಖ್ಯೆ ಸುಮಾರು 133 ದಾಟಿದರೆ ಸ್ವಂತ ಮಳಿಗೆ ಮುಂದಾಗುತ್ತದೆ. 200 ಆರ್ಡರ್‌ಗಳಲ್ಲಿ ‘ಅ’ ತಾಣದ ಉಳಿಕೆ ರೂ. 9,392 ಆದರೆ ಸ್ವಂತ ಮಳಿಗೆಯ ಉಳಿಕೆ ರೂ. 10,400. ಕಮಿಷನ್ ಇಲ್ಲವೆಂಬ ಕಾರಣಕ್ಕೆ ಆಕರ್ಷಕವಾಗಿ ಕಂಡ ‘ಆ’ ತಾಣವು ಎಲ್ಲಕ್ಕಿಂತ ಹಿಂದೆ ಉಳಿಯಿತೆಂಬುದನ್ನು ಗಮನಿಸಬೇಕು.

3. ವಾಪಸಾತಿಯ ಮಿತಿ

ಪ್ರತಿ ತಾಣಕ್ಕೂ ನಷ್ಟ ಆರಂಭವಾಗುವ ವಾಪಸಾತಿ ಪ್ರಮಾಣವೊಂದಿದೆ. ಅದನ್ನು ಹೀಗೆ ಕಂಡುಕೊಳ್ಳಬಹುದು. ತೆರಿಗೆ ಹೊರತಾದ ಮಾರಾಟ ಬೆಲೆಗೆ ವಾಪಸಾತಿಯ ಸಾಗಣೆಯನ್ನು ಕೂಡಿಸಿ, ತಾಣ ಹಿಂದಿರುಗಿಸುವ ಶುಲ್ಕವನ್ನು ಕಳೆಯಿರಿ. ಬಂದ ಮೊತ್ತದಿಂದ, ವಾಪಸಾತಿ ಇಲ್ಲದಾಗಿನ ಒಂದು ನಗದ ಲಾಭವನ್ನು ಭಾಗಿಸಿರಿ.

ತಾಣ ‘ಅ’: 570 + 80 – 108 = 542. ಲಾಭ 112ನ್ನು 542ರಿಂದ ಭಾಗಿಸಿದರೆ ಸುಮಾರು ಶೇ. 20.7.
ತಾಣ ‘ಆ’: 380 + 80 = 460. ಲಾಭ 100ನ್ನು 460ರಿಂದ ಭಾಗಿಸಿದರೆ ಸುಮಾರು ಶೇ. 21.7.
ತಾಣ ‘ಇ’: 570 + 80 = 650. ಲಾಭ 88ನ್ನು 650ರಿಂದ ಭಾಗಿಸಿದರೆ ಸುಮಾರು ಶೇ. 13.5.

ನಿಮ್ಮ ನಿಜವಾದ ವಾಪಸಾತಿ ಪ್ರಮಾಣವು ಈ ಮಿತಿಯ ಸಮೀಪಕ್ಕೆ ಬಂದರೆ ಮಾರಾಟ ಹೆಚ್ಚಿದಷ್ಟೂ ದುಡಿಮೆ ಹೆಚ್ಚುತ್ತದೆಯೇ ಹೊರತು ಲಾಭವಲ್ಲ. ಮಿತಿ ದಾಟಿದರೆ ಅಸಲಿಗೇ ಮೋಸ. ರಾಜ್ಯೋತ್ಸವದ ಮುನ್ನ ಕನ್ನಡ ಬರಹದ ಶರ್ಟುಗಳಿಗೆ ಬೇಡಿಕೆ ಏರುವಂತೆ, ಹಂಗಾಮಿನ ಆರ್ಡರ್‌ಗಳು ಅಕ್ಟೋಬರ್‌ನಲ್ಲಿ ಬಂದು ವಾಪಸಾತಿಗಳು ನವೆಂಬರ್ ಮಧ್ಯದಲ್ಲಿ ಬರುತ್ತವೆ. ಆದ್ದರಿಂದ ತಿಂಗಳ ಜಮೆಯನ್ನು ನೋಡಿ ಹಿಗ್ಗದೆ, ಆಯಾ ತಿಂಗಳ ಆರ್ಡರ್‌ಗಳಿಗೆ ಆಯಾ ವಾಪಸಾತಿಯನ್ನೇ ಹೊಂದಿಸಿ ನೋಡಬೇಕು.

4. ಜಿಎಸ್‌ಟಿಯಲ್ಲಿ ಅಡಗಿರುವ ವೆಚ್ಚ

2025ರ ಸೆಪ್ಟೆಂಬರ್ 22ರಿಂದ ನಗವೊಂದಕ್ಕೆ ರೂ. 2,500 ಮೀರದ ಉಡುಪಿಗೆ ಶೇ. 5 ತೆರಿಗೆ ಅನ್ವಯವಾಗುತ್ತದೆ. ಅದಕ್ಕೂ ಮುಂಚೆ ಈ ಮಿತಿ ರೂ. 1,000 ಆಗಿತ್ತು. ಮಾರಾಟದ ಮೇಲಿನ ತೆರಿಗೆ ಶೇ. 5 ಆದರೆ, ತಾಣದ ಶುಲ್ಕ ಹಾಗೂ ಅದು ವಿಧಿಸುವ ಸಾಗಣೆ ವೆಚ್ಚದ ಮೇಲಿನ ತೆರಿಗೆ ಶೇ. 18. ಇಲ್ಲಿಯೇ ಬಹುಮಂದಿ ಲೆಕ್ಕ ತಪ್ಪುವುದು.

‘ಅ’ ತಾಣದ ಉದಾಹರಣೆಯಲ್ಲಿ ತಯಾರಿಕೆಯ ಮೇಲೆ ರೂ. 14, ಶುಲ್ಕದ ಮೇಲೆ ಸುಮಾರು ರೂ. 19.50, ಸಾಗಣೆಯ ಮೇಲೆ ರೂ. 12.60, ಒಟ್ಟು ಸುಮಾರು ರೂ. 46 ತೆರಿಗೆಯನ್ನು ನೀವು ಕೊಟ್ಟಿರುತ್ತೀರಿ. ಮಾರಾಟದ ಮೇಲೆ ಕಟ್ಟಬೇಕಾದುದು ರೂ. 28.50 ಮಾತ್ರ. ಉಳಿದ ರೂ. 17.50 ಇನ್‌ಪುಟ್ ಕ್ರೆಡಿಟ್ ಖಾತೆಯಲ್ಲಿ ಸಂಗ್ರಹವಾಗುತ್ತ ಹೋಗುತ್ತದೆ. ಸೇವೆಗಳ ಮೇಲೆ ಕೊಟ್ಟ ತೆರಿಗೆಯ ಸಂಗ್ರಹಕ್ಕೆ ದರ ವ್ಯತ್ಯಾಸದ ಆಧಾರದಲ್ಲಿ ಮರುಪಾವತಿ ಸಿಗುವುದಿಲ್ಲ. ಈ ನಿಯಮವನ್ನು ಸರ್ವೋಚ್ಚ ನ್ಯಾಯಾಲಯವು 2021ರಲ್ಲಿ ವಿಕೆಸಿ ಫುಟ್‌ಸ್ಟೆಪ್ಸ್ ಪ್ರಕರಣದಲ್ಲಿ ಎತ್ತಿಹಿಡಿದಿದೆ. ಶೇ. 18 ತೆರಿಗೆಯ ಇತರ ಮುದ್ರಣ ಕೆಲಸವಿರುವ ಘಟಕಕ್ಕೆ ಈ ಕ್ರೆಡಿಟ್ ಅಲ್ಲಿ ಉಪಯೋಗಕ್ಕೆ ಬರುತ್ತದೆ. ಶರ್ಟು ಮಾತ್ರ ಮಾರುವವನಿಗೆ ಅದು ಸತ್ತ ಹಣ. ಅವನು ಮೇಲಿನ ಲಾಭದಿಂದ ಪ್ರತಿ ನಗಕ್ಕೆ ರೂ. 17.50 ಕಳೆದುಕೊಂಡೇ ನೋಡಬೇಕು. ಇದಲ್ಲದೆ, ವಾಪಸು ಬಂದು ನಿರುಪಯುಕ್ತವೆಂದು ಲೆಕ್ಕದಿಂದ ತೆಗೆದುಹಾಕಿದ ಸರಕಿನ ಮೇಲಿನ ಕ್ರೆಡಿಟ್ಟನ್ನು ಸಿಜಿಎಸ್‌ಟಿ ಕಾಯ್ದೆಯ 17(5)ನೇ ಕಲಮಿನಂತೆ ಹಿಂದಿರುಗಿಸಬೇಕು.

ನೋಂದಣಿಯ ವಿಚಾರದಲ್ಲಿ ಒಂದು ಸೌಲಭ್ಯವಿದೆ. ಮಾರುಕಟ್ಟೆ ತಾಣದ ಮೂಲಕ ಸರಕು ಮಾರುವವರೆಲ್ಲರೂ ವಹಿವಾಟು ಎಷ್ಟೇ ಇರಲಿ ನೋಂದಾಯಿಸಿಕೊಳ್ಳಬೇಕೆಂಬ ನಿಯಮವನ್ನು 2023ರ ಅಕ್ಟೋಬರ್ 1ರಿಂದ ಸಡಿಲಿಸಲಾಗಿದೆ. ರಾಜ್ಯದೊಳಗೆ ಮಾತ್ರ ಮಾರುವ, ವಹಿವಾಟು ಮಿತಿಯೊಳಗಿರುವ ವರ್ತಕನು ಪ್ಯಾನ್ ಆಧಾರದಲ್ಲಿ ಜಿಎಸ್‌ಟಿ ಪೋರ್ಟಲ್‌ನಲ್ಲಿ ದಾಖಲಾತಿ ಸಂಖ್ಯೆ ಪಡೆದು ವ್ಯಾಪಾರ ಮಾಡಬಹುದು. ಕರ್ನಾಟಕದಲ್ಲಿ ಸರಕು ಮಾರಾಟಗಾರರಿಗೆ ಈ ಮಿತಿ ವರ್ಷಕ್ಕೆ ರೂ. 40 ಲಕ್ಷ. ಕನ್ನಡ ಬರಹದ ಉಡುಪಿನ ಗ್ರಾಹಕರು ಬಹುಪಾಲು ರಾಜ್ಯದೊಳಗೇ ಇರುವುದರಿಂದ ಸಣ್ಣ ಪ್ರಮಾಣದಲ್ಲಿ ಆರಂಭಿಸುವವರಿಗೆ ಇದು ಅನುಕೂಲ. ಅದೇ ದಿನಾಂಕದಿಂದ ರಾಜಿ ತೆರಿಗೆ ಪದ್ಧತಿಯವರಿಗೂ ರಾಜ್ಯದೊಳಗಿನ ಆನ್‌ಲೈನ್ ಮಾರಾಟಕ್ಕೆ ಅವಕಾಶವಾಗಿದೆ. ಹೊರ ರಾಜ್ಯಕ್ಕೆ ಒಂದು ಶರ್ಟು ಕಳುಹಿಸಿದರೂ ಈ ಎರಡು ಸೌಲಭ್ಯಗಳೂ ಇಲ್ಲವಾಗುತ್ತವೆ. ದೇಶವ್ಯಾಪಿ ಗ್ರಾಹಕರನ್ನು ಬಯಸುವವರು ಆರಂಭದಲ್ಲೇ ಪೂರ್ಣ ನೋಂದಣಿ ಪಡೆಯುವುದು ಲೇಸು. ತಾಣದ ಹೊರರಾಜ್ಯದ ಗೋದಾಮಿನಲ್ಲಿ ಸರಕು ಇರಿಸುವುದಾದರೆ ಆ ರಾಜ್ಯದಲ್ಲಿಯೂ ನೋಂದಣಿ ಬೇಕಾಗುತ್ತದೆ.

5. ತೆರಿಗೆ ಕಡಿತ ಮತ್ತು ಲೆಕ್ಕಪುಸ್ತಕ

ತಾಣವು ನಿಮ್ಮ ಪರವಾಗಿ ಹಣ ವಸೂಲಿ ಮಾಡಿದಾಗ ವಾಪಸಾತಿ ಕಳೆದ ತೆರಿಗೆಯುಕ್ತ ಮಾರಾಟದ ಮೇಲೆ ಜಿಎಸ್‌ಟಿಯ ಟಿಸಿಎಸ್ ಹಿಡಿಯುತ್ತದೆ. 2018ರ ಅಕ್ಟೋಬರ್‌ನಿಂದ ಶೇ. 1 ಇದ್ದ ಈ ದರ 2024ರ ಜುಲೈ 10ರಿಂದ ಶೇ. 0.5ಕ್ಕೆ ಇಳಿದಿದೆ. ಆದಾಯ ತೆರಿಗೆಯ ಟಿಡಿಎಸ್ ಮೊದಲು ಶೇ. 1 ಇದ್ದು, 2024ರ ಅಕ್ಟೋಬರ್ 1ರಿಂದ ಶೇ. 0.1 ಆಗಿದೆ. ಹಳೆಯ ಕಾಯ್ದೆಯ 194-ಒ ಕಲಮಿನಲ್ಲಿದ್ದ ಈ ಏರ್ಪಾಡು 2026ರ ಏಪ್ರಿಲ್ 1ರಿಂದ ಜಾರಿಯಾದ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿ 393ನೇ ಕಲಮಿಗೆ ಸೇರಿದೆ. ವ್ಯಕ್ತಿ ಅಥವಾ ಅವಿಭಕ್ತ ಕುಟುಂಬದ ಮಾರಾಟ ಒಂದು ತಾಣದಲ್ಲಿ ವರ್ಷಕ್ಕೆ ರೂ. 5 ಲಕ್ಷ ಮೀರದಿದ್ದು, ಪ್ಯಾನ್ ಅಥವಾ ಆಧಾರ್ ಸಂಖ್ಯೆ ಕೊಟ್ಟಿದ್ದರೆ ಈ ಟಿಡಿಎಸ್ ಇಲ್ಲ. ಎರಡೂ ಕಡಿತಗಳು ವೆಚ್ಚವಲ್ಲ, ಮುಂಗಡ. ಆದರೆ ಕೇಳಿ ಪಡೆದುಕೊಳ್ಳದಿದ್ದರೆ ವೆಚ್ಚವೇ.

ನನ್ನ ಬಳಿ ಲೆಕ್ಕಪತ್ರ ತರುವ ವರ್ತಕರಲ್ಲಿ ಅನೇಕರು ಬ್ಯಾಂಕಿಗೆ ಜಮೆಯಾದ ಮೊತ್ತವನ್ನೇ ಮಾರಾಟವೆಂದು ಬರೆದಿರುತ್ತಾರೆ. ಇದು ಸರಿಯಲ್ಲ. ರೂ. 599ಕ್ಕೆ ಮಾರಿ, ಶುಲ್ಕ, ಸಾಗಣೆ, ಕಡಿತ ಕಳೆದು ಸುಮಾರು ರೂ. 385 ಖಾತೆಗೆ ಬಂದರೆ, ವಹಿವಾಟು ರೂ. 385 ಅಲ್ಲ. ತಾಣವು ಇಲಾಖೆಗೆ ಸಲ್ಲಿಸುವ ವಿವರದಲ್ಲಿ ಪೂರ್ಣ ಮಾರಾಟ ಮೊತ್ತವಿರುತ್ತದೆ. ನಿಮ್ಮ ರಿಟರ್ನ್‌ನಲ್ಲಿ ಕಡಿಮೆ ಇದ್ದರೆ ನೋಟಿಸು ಖಚಿತ. ವಹಿವಾಟಿನ ಮೇಲೆ ಲಾಭವನ್ನು ಅಂದಾಜಿಸುವ ಪದ್ಧತಿಯನ್ನು ಆರಿಸಿಕೊಂಡವರಿಗೂ ಇಲ್ಲೊಂದು ಎಚ್ಚರಿಕೆ ಬೇಕು. ಬ್ಯಾಂಕ್ ಮೂಲಕ ಬಂದ ವಹಿವಾಟಿಗೆ ಅಂದಾಜು ಲಾಭ ಕನಿಷ್ಠ ಶೇ. 6. ಮೇಲಿನ ‘ಆ’ ತಾಣದಲ್ಲಿ ನಿಜವಾದ ಲಾಭ ಶೇ. 2.6 ಮಾತ್ರ. ಇಲ್ಲದ ಲಾಭಕ್ಕೆ ತೆರಿಗೆ ಕಟ್ಟುವ ಪ್ರಸಂಗ ಬರದಂತೆ ಪುಸ್ತಕಗಳನ್ನು ಕ್ರಮವಾಗಿ ಇಡಬೇಕು.

6. ದುಡಿಯುವ ಬಂಡವಾಳ

ದಾಸ್ತಾನು ಇಲ್ಲದ ವ್ಯವಹಾರಕ್ಕೆ ಬಂಡವಾಳ ಬೇಡವೆಂಬುದು ಇನ್ನೊಂದು ಭ್ರಮೆ. ಹೊರಗಿನ ಮುದ್ರಕರು ಸಾಮಾನ್ಯವಾಗಿ ಮುಂಗಡ ಹಣ ಬಯಸುತ್ತಾರೆ. ತಾಣವು ಸರಕು ತಲುಪಿ ಕೆಲ ದಿನಗಳಾದ ಮೇಲೆ ಹಣ ಕೊಡುತ್ತದೆ. ದಿನಕ್ಕೆ 10 ಆರ್ಡರ್, ನಡುವಿನ ಅವಧಿ 15 ದಿನ ಎಂದಾದರೆ ರೂ. 280ರಂತೆ ಸದಾ ರೂ. 42,000 ಹೊರಗೇ ಇರುತ್ತದೆ. ಆರ್ಡರ್ ಎರಡು ಪಟ್ಟಾದರೆ ಈ ಮೊತ್ತವೂ ಎರಡು ಪಟ್ಟು. ಆದ್ದರಿಂದ ಕಮಿಷನ್ ದರದ ಪಕ್ಕದಲ್ಲೇ ಪಾವತಿಯ ಅವಧಿಯನ್ನೂ ಬರೆದುಕೊಳ್ಳಬೇಕು.

7. ವಿನ್ಯಾಸದ ಹಕ್ಕು ಮತ್ತು ಗ್ರಾಹಕನ ಹಕ್ಕು

ಚಲನಚಿತ್ರದ ದೃಶ್ಯ, ನಟರ ಭಾವಚಿತ್ರ, ಕ್ರಿಕೆಟ್ ತಂಡದ ಲಾಂಛನ ಇವುಗಳನ್ನು ಅನುಮತಿ ಇಲ್ಲದೆ ಮುದ್ರಿಸಿದರೆ ಕಾನೂನಿನ ಕ್ರಮ ಒಂದೆಡೆ, ತಾಣದಲ್ಲಿನ ಖಾತೆ ಸ್ಥಗಿತಗೊಂಡು ಬರಬೇಕಾದ ಹಣ ನಿಲ್ಲುವ ಅಪಾಯ ಮತ್ತೊಂದೆಡೆ. ಕಲಾವಿದರಿಂದ ವಿನ್ಯಾಸ ಕೊಳ್ಳುವವರು ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನಂತೆ ಒಪ್ಪಂದದಲ್ಲಿ ಅವಧಿ ನಮೂದಿಸದಿದ್ದರೆ ಹಕ್ಕು ಐದು ವರ್ಷಕ್ಕೆ ಮಾತ್ರ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಸೀಮಿತ. ವಿದೇಶಿ ತಾಣದಲ್ಲಿ ಮಾರಲು ಯೋಚಿಸಿದವರಿಗೆ ಈ ಎರಡನೆಯ ಅಂಶ ಮುಖ್ಯ.

ಮುದ್ರಿತ ಸರಕನ್ನು ವಾಪಸು ಪಡೆಯುವುದಿಲ್ಲವೆಂಬ ಫಲಕ ಹಾಕಿದ ಮಾತ್ರಕ್ಕೆ ಹೊಣೆ ತಪ್ಪದು. 2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳಂತೆ ದೋಷಯುಕ್ತ ಅಥವಾ ಜಾಹೀರಾತಿಗೆ ಹೊಂದದ ಸರಕನ್ನು ಮಾರಾಟಗಾರನು ಹಿಂಪಡೆಯಲು ನಿರಾಕರಿಸುವಂತಿಲ್ಲ. ದೂರನ್ನು 48 ಗಂಟೆಯೊಳಗೆ ಸ್ವೀಕರಿಸಿ ಒಂದು ತಿಂಗಳೊಳಗೆ ಇತ್ಯರ್ಥಪಡಿಸಬೇಕು. ಅಳತೆಯ ಪಟ್ಟಿಯನ್ನು ಇಂಚಿನಲ್ಲಿ ಸ್ಪಷ್ಟವಾಗಿ ಕೊಡುವುದು, ಮುದ್ರಿತ ನಗದ ನಿಜವಾದ ಛಾಯಾಚಿತ್ರವನ್ನೇ ತೋರಿಸುವುದು, ಹೆಸರು ಮುದ್ರಿಸುವ ಆರ್ಡರ್‌ಗಳಿಗೆ ಮುಂಗಡ ಪಾವತಿಯನ್ನು ಕಡ್ಡಾಯ ಮಾಡುವುದು ವಾಪಸಾತಿಯನ್ನು ತಗ್ಗಿಸುವ ಮಾರ್ಗಗಳು.

8. ವಿದೇಶಿ ಗ್ರಾಹಕರು

ಅಮೆರಿಕದ ಕನ್ನಡಿಗರಿಗೆ ಇಲ್ಲಿಂದಲೇ ಒಂದೊಂದು ಶರ್ಟು ಕಳುಹಿಸಬಹುದೆಂಬ ಲೆಕ್ಕಾಚಾರವನ್ನು ಮರುಪರಿಶೀಲಿಸಬೇಕಾಗಿದೆ. 800 ಡಾಲರ್‌ವರೆಗಿನ ಸಣ್ಣ ಪಾರ್ಸೆಲ್‌ಗಳಿಗಿದ್ದ ಸುಂಕ ವಿನಾಯಿತಿಯನ್ನು ಆ ದೇಶ 2025ರ ಆಗಸ್ಟ್ 29ರಿಂದ ನಿಲ್ಲಿಸಿತು. ಗ್ರಾಹಕನ ದೇಶದಲ್ಲೇ ಮುದ್ರಿಸಿ ಕೊಡುವ ತಾಣಗಳಲ್ಲಿ ಈ ತೊಡಕಿಲ್ಲ. ಆದರೆ ಅಲ್ಲಿನ ಶುಲ್ಕಗಳು ತಾಣದ ಇಚ್ಛೆಯಂತೆ ಬದಲಾಗುತ್ತವೆ. ಎಟ್ಸಿ ತಾಣವು 2022ರ ಏಪ್ರಿಲ್‌ನಲ್ಲಿ ತನ್ನ ವಹಿವಾಟು ಶುಲ್ಕವನ್ನು ಶೇ. 5ರಿಂದ 6.5ಕ್ಕೆ ಏರಿಸಿತು. ರೆಡ್‌ಬಬಲ್ 2023ರಲ್ಲಿ ಕಲಾವಿದರ ಖಾತೆಗಳನ್ನು ದರ್ಜೆಗಳಾಗಿ ವಿಂಗಡಿಸಿ ಕೆಳದರ್ಜೆಯವರ ಗಳಿಕೆಯಿಂದ ಖಾತೆ ಶುಲ್ಕ ಕಳೆಯಲಾರಂಭಿಸಿತು. ಒಂದೇ ತಾಣವನ್ನು ನಂಬಿ ಸಾಲ ಮಾಡಿ ಯಂತ್ರ ಕೊಳ್ಳುವವರು ಈ ಎರಡು ನಿದರ್ಶನಗಳನ್ನು ನೆನಪಿಡಬೇಕು.

9. ಆಯ್ಕೆಯ ಕ್ರಮ

ಹೊಸದಾಗಿ ಆರಂಭಿಸುವವರಿಗೆ ಈ ಕ್ರಮವನ್ನು ಸೂಚಿಸಬಹುದು. ಮೊದಲು ಸಿದ್ಧ ವಿನ್ಯಾಸಗಳನ್ನು ಮಾತ್ರ ಒಂದು ಮಾರುಕಟ್ಟೆ ತಾಣದಲ್ಲಿ ಇರಿಸಿರಿ. ಅವು ವಾಪಸು ಬಂದರೂ ಅದೇ ಅಳತೆಯ ಮುಂದಿನ ಆರ್ಡರ್‌ಗೆ ಬಳಸಬಹುದು. ಮೂರು ತಿಂಗಳು ಮುದ್ರಣವನ್ನು ಹೊರಗೆ ಮಾಡಿಸಿ, ಯಂತ್ರ ಕೊಳ್ಳುವ ನಿರ್ಧಾರವನ್ನು ಮುಂದೂಡಿರಿ. ಪ್ರತಿ ಆರ್ಡರ್‌ಗೂ ಬೆಲೆ, ಶುಲ್ಕ, ಸಾಗಣೆ, ವಾಪಸಾತಿ, ಹಣ ಬಂದ ದಿನಾಂಕ ಎಂಬ ಐದು ಅಂಕಣಗಳ ದಾಖಲೆ ಇಡಿರಿ. ನೂರು ಆರ್ಡರ್‌ಗಳು ಪೂರ್ಣವಾದಾಗ ಮೂರನೇ ಭಾಗದಲ್ಲಿ ಹೇಳಿದ ವಾಪಸಾತಿಯ ಮಿತಿಯನ್ನು ಲೆಕ್ಕ ಹಾಕಿರಿ. ನಿಜವಾದ ವಾಪಸಾತಿ ಆ ಮಿತಿಯ ಅರ್ಧಕ್ಕಿಂತ ಕಡಿಮೆ ಇದ್ದರೆ ಮುಂದುವರಿಯಿರಿ. ಹೆಚ್ಚಿದ್ದರೆ ಬೆಲೆ, ಸರಕು ಅಥವಾ ತಾಣ, ಈ ಮೂರರಲ್ಲಿ ಒಂದನ್ನು ಬದಲಿಸಿರಿ. ಹೆಸರು ಮುದ್ರಿಸುವ ಕೆಲಸವನ್ನು ಸ್ವಂತ ಮಳಿಗೆಗೆ, ಮುಂಗಡ ಪಾವತಿಗೆ ಮೀಸಲಿಡಿರಿ.

ಬಟ್ಟೆ ಅಂಗಡಿಯ ಗಲ್ಲಾ ಪೆಟ್ಟಿಗೆಯ ಮುಂದೆ ಕುಳಿತವನಿಗೆ ಸರಕು ಹೋದದ್ದೂ ಹಣ ಬಂದದ್ದೂ ಕಣ್ಣೆದುರೇ ಕಾಣುತ್ತಿತ್ತು. ಆನ್‌ಲೈನ್ ವ್ಯಾಪಾರದಲ್ಲಿ ಇವೆರಡರ ನಡುವೆ ಹಲವು ದಿನಗಳೂ ಹಲವು ಕಡಿತಗಳೂ ಇವೆ. ಆ ಅಂತರವನ್ನು ಪುಸ್ತಕದಲ್ಲಿ ಬರೆದು ನೋಡುವ ವರ್ತಕನಿಗೆ ಯಾವ ತಾಣ ತನಗೆ ಸೂಕ್ತವೆಂಬುದು ಅವನ ಅಂಕಿಗಳಿಂದಲೇ ತಿಳಿಯುತ್ತದೆ.